ಟ್ಯಾಂಕಿನ ಮುಚ್ಚಳದ ಮೇಲಿನ 1962

ಪೋಸ್ಟ್ ಉದ್ದ ಇದೆ, ಬಿಡುವು ಮಾಡ್ಕೊಂಡು ಓದಿ.

ಇಟಲಿಯ ಡುಕಾಟಿ ಕಂಪನಿಯವರು ಸ್ಕ್ರ್ಯಾಂಬ್ಲರ್ ಅಂತ ಒಂದು ಬೈಕ್ ಮಾಡ್ತಾರೆ. ನೋಡೋಕೆ ಹಳೇ ಕಾಲದ ಗಾಡಿ ಥರ, ಒಳಗೆಲ್ಲ ಹೊಸದು. ಇದಕ್ಕೆ ‘ರೆಟ್ರೋ’ ಅಂತಾರೆ. ಅದರ ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಮೇಲೆ ಇಂಗ್ಲಿಷಿನಲ್ಲಿ ‘ಬಾರ್ನ್ ಫ್ರೀ, 1962’ ಅಂತ ಅಚ್ಚು ಹಾಕಿದ್ದಾರೆ. ಸ್ವತಂತ್ರವಾಗಿ ಹುಟ್ಟಿದ್ದು, 1962ರಲ್ಲಿ. ಎರಡು ಪದ, ಒಂದು ಇಸವಿ. ಹದಿನೈದು ದಿನದಿಂದ ನನ್ನ ತಲೆ ತಿಂತಾ ಇದೆ.

ಕಾರಣ ಹೇಳ್ತೀನಿ. ನಮ್ಮ ಬಳಗದ ಒಬ್ಬ ಹುಡುಗ (ಹೆಸರು ಹಾಕಬೇಡಿ ಅಕ್ಕಾ ಅಂದಿದ್ದಾನೆ) 2016ರ ಒಂದು ಸ್ಕ್ರ್ಯಾಂಬ್ಲರ್ ಸೆಕೆಂಡ್ ಹ್ಯಾಂಡ್ ತಗೊಂಡ. ಹಳದಿ ಬಣ್ಣದ್ದು. ಬಸವನಗುಡಿಯಲ್ಲಿ ಒಂದು ಹಳೇ ಹೆಂಚಿನ ಮನೆ ಮುಂದೆ ನಿಲ್ಲಿಸಿ, ಫೋಟೋ ತೆಗೆದು ನಮ್ಮ ಗ್ರೂಪಿಗೆ ಹಾಕಿದ. ಶುರುವಾಯ್ತು ನೋಡಿ. ಒಂದು ಕಡೆಯವರದ್ದು, “ಬಾಬಾಸಾಹೇಬರು ಪುಸ್ತಕ ಕೊಳ್ಳೋಕೆ ಹೊಟ್ಟೆ ಕಟ್ಟಿದರು, ನಮ್ಮ ಹುಡುಗರು ಬೈಕಿಗೆ ಇಎಂಐ ಕಟ್ತಾರೆ” ಅನ್ನೋ ರಾಗ. ಇನ್ನೊಂದು ಕಡೆಯವರದ್ದು, “ಆಹಾ, ಏನ್ ಗತ್ತು, ಆ ಕಾಲವೇ ಚೆನ್ನಾಗಿತ್ತು” ಅನ್ನೋ ಹಾಡು. ಬರೋ ಏಪ್ರಿಲ್ 14ಕ್ಕೆ ಬೈಕ್ ರ‍್ಯಾಲಿ ಮಾಡಬೇಕಾ, ಕಾಲ್ನಡಿಗೆ ಮೆರವಣಿಗೆ ಮಾಡಬೇಕಾ ಅನ್ನೋ ಹಳೇ ಜಗಳವೂ ಇದರ ಜೊತೆ ಸೇರಿಕೊಂಡಿತು.

ನನಗೆ ಎರಡು ಮಾತೂ ಒಪ್ಪಿಗೆ ಆಗಲಿಲ್ಲ. ಎರಡನೇದು ಒಂದು ಕೈ ಹೆಚ್ಚಾಗಿಯೇ ಒಪ್ಪಿಗೆ ಆಗಲಿಲ್ಲ.

ಮೊದಲು ಗಾಡಿ ವಿಷಯ. ನಾನು ಎಂಜಿನಿಯರ್ ಅಲ್ಲ. ಬಿ.ಎ. ಓದಿ ಆಫೀಸಿನಲ್ಲಿ ಫೈಲು ಹೊರೋಳು, ಓಡಿಸೋದು ಗೇರಿಲ್ಲದ ಸ್ಕೂಟರ್. ಆದ್ರೆ ನಮ್ಮಪ್ಪ ಜೆ.ಸಿ. ರೋಡಿನಲ್ಲಿ ಸೀಟು ಹೊಲಿಯೋ ಕೆಲಸದಲ್ಲಿ ಇಪ್ಪತ್ತು ವರ್ಷದ ಮೇಲೆ ಇದ್ದವರು. ಬೈಕ್ ಅಂದ್ರೆ ನಮ್ಮ ಮನೇಲಿ ಸೀಟಿನಿಂದ ಶುರುವಾಗ್ತಿತ್ತು. ಹಾಗಾಗಿ ಈ ಗಾಡಿ ಬಗ್ಗೆ ಸ್ವಲ್ಪ ಓದಿಕೊಂಡೆ, ಹುಡುಗನನ್ನೂ ಕೂರಿಸಿಕೊಂಡು ಕೇಳಿದೆ.

ಹಳೇ ಸ್ಕ್ರ್ಯಾಂಬ್ಲರನ್ನ ಡುಕಾಟಿ ತಯಾರು ಮಾಡಿದ್ದು 1962ರಿಂದ 1974ರವರೆಗೆ, ಬೊಲೋನ್ಯಾ ಊರಲ್ಲಿ. ಇಟಲಿಯವರಿಗೋಸ್ಕರ ಮಾಡಿದ್ದೂ ಅಲ್ಲ. ಅಮೆರಿಕದಲ್ಲಿ ಡುಕಾಟಿ ಮಾರುತ್ತಿದ್ದ ಬರ್ಲಿನರ್ ಅನ್ನೋ ಅಣ್ಣತಮ್ಮಂದಿರು ನಮ್ಮ ಕಡೆ ಹುಡುಗರು ಮಣ್ಣುದಾರಿಯಲ್ಲಿ ಓಡಿಸೋ ಥರದ್ದು ಕೊಡಿ ಅಂದರು, ಕೊಟ್ಟರು. ಅಗಲದ ಹ್ಯಾಂಡಲ್, ಸಣ್ಣ ಟ್ಯಾಂಕ್, ದುಂಡು ದೀಪ, ಒಂದೇ ಸಿಲಿಂಡರ್. 250 ಸಿಸಿಯಿಂದ ಶುರುವಾಗಿ 450ರವರೆಗೆ ಬಂದವು. ಆಮೇಲೆ ನಿಂತುಹೋಯ್ತು.

ನಲವತ್ತು ವರ್ಷ ಆದ ಮೇಲೆ, 2014ರಲ್ಲಿ, ಅದೇ ಹೆಸರು ಎತ್ತಿಕೊಂಡು ಹೊಸದು ಬಿಟ್ಟರು. ಅಷ್ಟೊತ್ತಿಗೆ ಡುಕಾಟಿಯನ್ನ ಜರ್ಮನಿಯ ಆಡಿ ಕೊಂಡಾಗಿತ್ತು. ಹೊಸದರ ಎಂಜಿನ್ 803 ಸಿಸಿ, ಎರಡು ಸಿಲಿಂಡರ್, ಒಂದಕ್ಕೊಂದು 90 ಡಿಗ್ರಿಯಲ್ಲಿ, ಇಂಗ್ಲಿಷಿನ ಎಲ್ ಅಕ್ಷರದ ಥರ. ಅದು ಹಳೇ ಸ್ಕ್ರ್ಯಾಂಬ್ಲರಿನ ಎಂಜಿನ್ ವಂಶದ್ದಲ್ಲ, ಅದೇ ಕಂಪನಿಯ ಮಾನ್ಸ್ಟರ್ 796 ಬೈಕಿನಿಂದ ತಂದಿದ್ದು. ಗಾಳಿಯಿಂದಲೇ ತಣಿಯುತ್ತೆ, ರೇಡಿಯೇಟರ್ ಇಲ್ಲ. 75 ಅಶ್ವಶಕ್ತಿ. ಪೆಟ್ರೋಲ್ ಹಾಕಿ ನಿಲ್ಲಿಸಿದರೆ 186 ಕೆ.ಜಿ. ಟ್ಯಾಂಕಿಗೆ 13.5 ಲೀಟರ್ ಹಿಡಿಯುತ್ತೆ. ಸೀಟಿನ ಎತ್ತರ 790 ಮಿಲಿಮೀಟರ್, ಅಂದ್ರೆ ನನ್ನಂಥ ಕುಳ್ಳಿಯ ಕಾಲೂ ನೆಲಕ್ಕೆ ತಾಗುತ್ತೆ. ಇದು ಮಾತ್ರ ಮೆಚ್ಚಬೇಕಾದ ವಿಷಯ. ದೊಡ್ಡ ಬೈಕುಗಳನ್ನ ಯಾವಾಗಲೂ ಆರಡಿ ಗಂಡಸರ ಅಳತೆಗೇ ಮಾಡಿಟ್ಟಿರ್ತಾರೆ.

ವಾಲ್ವ್ ವಿಷಯ ಹುಡುಗ ಬಹಳ ಹೆಮ್ಮೆಯಿಂದ ಹೇಳಿದ. ಬೇರೆ ಬೈಕುಗಳಲ್ಲಿ ಎಂಜಿನ್ ವಾಲ್ವನ್ನ ತೆರೆಯೋದು ಕ್ಯಾಮ್, ಮುಚ್ಚೋದು ಸ್ಪ್ರಿಂಗ್. ಈ ಡುಕಾಟಿಯಲ್ಲಿ ಮುಚ್ಚೋಕೂ ಒಂದು ಕ್ಯಾಮ್ ಇದೆ, ಸ್ಪ್ರಿಂಗನ್ನ ನಂಬೋದೇ ಇಲ್ಲ. ಡೆಸ್ಮೋ ಅಂತಾರಂತೆ. ಫಾಬಿಯೋ ತಾಲ್ಯೋನಿ ಅನ್ನೋ ಎಂಜಿನಿಯರ್ ರೇಸ್ ಗಾಡಿಗಳಿಗೆ ಅಂತ ಪಳಗಿಸಿದ್ದು. ಒಳ್ಳೇದೇ. ಆದ್ರೆ ಅದನ್ನ 12,000 ಕಿಲೋಮೀಟರಿಗೊಮ್ಮೆ ಬಿಚ್ಚಿ ಅಳತೆ ನೋಡಿಸಬೇಕು, ನಮ್ಮ ಬೀದಿ ಮೆಕ್ಯಾನಿಕ್ ಮುಟ್ಟೋ ಕೆಲಸ ಅಲ್ಲ. ಜೊತೆಗೆ ಹಿಂದಿನ ಸಿಲಿಂಡರ್ ಸರಿಯಾಗಿ ತೊಡೆ ಕೆಳಗೇ ಬರುತ್ತೆ. ಮಧ್ಯಾಹ್ನ ಮಿನರ್ವ ಸರ್ಕಲ್ ಸಿಗ್ನಲಿನಲ್ಲಿ ನಿಂತು ನೋಡಿ, ಗೊತ್ತಾಗುತ್ತೆ.

ಈಗ ಹೊರಗಿನ ವೇಷ. ಕಣ್ಣೀರ ಹನಿ ಆಕಾರದ ಸ್ಟೀಲ್ ಟ್ಯಾಂಕ್, ಪಕ್ಕದ ಅಲ್ಯೂಮಿನಿಯಂ ತಗಡು ಬಿಚ್ಚಿ ಬೇರೆ ಬಣ್ಣದ್ದು ಹಾಕ್ಕೋಬಹುದು. ದುಂಡು ದೀಪ, ಅದರ ಸುತ್ತ ಎಲ್‌ಇಡಿ ಬಳೆ. ಮೀಟರ್ ದುಂಡಗಿದೆ, ಒಳಗೆ ಡಿಜಿಟಲ್. ಮುಂದಿನ ಚಕ್ರಕ್ಕೆ 330 ಮಿಲಿಮೀಟರ್ ಡಿಸ್ಕ್ ಬ್ರೇಕ್, ಎರಡೂ ಚಕ್ರಕ್ಕೆ ಎಬಿಎಸ್. ಸೀಟಿನ ಕೆಳಗೆ ಮೊಬೈಲ್ ಚಾರ್ಜ್ ಮಾಡೋ ಕಿಂಡಿ. 2019ರ ಮಾಡೆಲ್ಲಿನಿಂದ ಹೆಡ್‌ಲೈಟಿನ ಮೇಲೆ ಗುಣಾಕಾರ ಚಿಹ್ನೆ ಥರ ಒಂದು ಗುರುತು ಬಂತು. ಯಾಕೆ ಗೊತ್ತಾ? 70ರ ದಶಕದಲ್ಲಿ ಮಣ್ಣುದಾರಿ ರೇಸಿನವರು ಕಲ್ಲು ಬಡಿದು ಗಾಜು ಚೂರಾಗಿ ಬೀಳದೇ ಇರಲಿ ಅಂತ ದೀಪಕ್ಕೆ ಅಡ್ಡಡ್ಡ ಟೇಪ್ ಅಂಟಿಸ್ತಿದ್ದರು. ಬಡವನ ಉಪಾಯ ಅದು. ಈಗ ಅದೇ ಉಪಾಯ ಲಕ್ಷಗಟ್ಟಲೆ ಬೆಲೆಯ ಗಾಡಿಗೆ ಅಲಂಕಾರ. ಹರಿದ ಪ್ಯಾಂಟ್ ಫ್ಯಾಷನ್ ಆದ ಹಾಗೆ.

ಇನ್ನೊಂದು ತಮಾಷೆ ಇದೆ. ಭಾರತಕ್ಕೆ 2015ರಲ್ಲಿ ಈ ಬೈಕ್ ಬಂದಾಗ, ಇಟಲಿಯಿಂದ ಬಂದಿದ್ದಲ್ಲ. ಥಾಯ್ಲೆಂಡಿನ ಫ್ಯಾಕ್ಟರಿಯಿಂದ ಬಂತು. ಇಟಲಿ ಹೆಸರು, ಜರ್ಮನ್ ಯಜಮಾನ, ಥಾಯ್ ಕಾರ್ಮಿಕರು, ಅಮೆರಿಕದ ನೆನಪು, ಬಸವನಗುಡಿಯ ಮನೆ ಮುಂದೆ ಫೋಟೋ. ಬೆಲೆ ಆಗ ಆರೂಮುಕ್ಕಾಲು ಲಕ್ಷದ ಆಸುಪಾಸು, ರಸ್ತೆಗೆ ಇಳಿಯೋ ಹೊತ್ತಿಗೆ ಇನ್ನೂ ಜಾಸ್ತಿ.

ರೆಟ್ರೋ ನೋಡೋಕೆ ಇಟಲಿಗೇ ಹೋಗಬೇಕಿಲ್ಲ, ಮೈಸೂರೇ ಸಾಕು. ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿ ಶುರುವಾಗಿದ್ದೂ 60ರ ದಶಕದ ಆರಂಭದಲ್ಲೇ, ಉದ್ಘಾಟನೆ ಮಾಡಿದವರು ಜಯಚಾಮರಾಜ ಒಡೆಯರ್. ಜೆಕ್ ದೇಶದ ಜಾವಾ ತಂತ್ರಜ್ಞಾನ, ಪಾರ್ಸಿ ಇರಾನಿ ಕುಟುಂಬದ ಬಂಡವಾಳ. ಆಮೇಲೆ ಹೆಸರು ಯೆಜ್ಡಿ ಆಯ್ತು. 1996ರಲ್ಲಿ ಬಾಗಿಲು ಹಾಕಿತು, ಕಾರ್ಮಿಕರು ಬೀದಿಗೆ ಬಂದರು. ಕಿಕ್ಕರ್‌ ಮತ್ತು ಗೇರ್ ಎರಡೂ ಒಂದೇ ಲಿವರ್ ಇದ್ದ, ಪೆಟ್ರೋಲ್ ಜೊತೆ ಆಯಿಲ್ ಕಲಸಿ ಹಾಕಬೇಕಿದ್ದ, ಹೊಗೆ ಬಿಡೋ ಆ ಗಾಡಿಯನ್ನ 2018ರಲ್ಲಿ ಮಹೀಂದ್ರಾ ಬೆಂಬಲದ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ ಮತ್ತೆ ತಂತು. 293 ಸಿಸಿ, ನೀರಿನಿಂದ ತಣಿಯೋ ಫೋರ್ ಸ್ಟ್ರೋಕ್ ಎಂಜಿನ್. ನೀರಿನಿಂದ ತಣಿಯೋದಾದ್ರೂ ಗಾಳಿಯಿಂದ ತಣಿಯೋ ಎಂಜಿನ್ನಿನ ಥರ ಮೈಮೇಲೆ ರೆಕ್ಕೆ. ಒಂದೇ ಸಿಲಿಂಡರ್, ಆದ್ರೆ ಹಳೇದರ ಥರ ಎರಡು ಸೈಲೆನ್ಸರ್. ನೆನಪಿಗೋಸ್ಕರ ಒಂದು ಕೊಳವೆ ಜಾಸ್ತಿ. ಫ್ಯಾಕ್ಟರಿ ಮಾತ್ರ ಮೈಸೂರಿಗೆ ವಾಪಸ್ ಬರಲಿಲ್ಲ. ಹೊಸ ಗಾಡಿ ತಯಾರಾಗೋದು ಮಧ್ಯಪ್ರದೇಶದಲ್ಲಿ.

ಅಂದ್ರೆ ರೆಟ್ರೋ ಮಾಡೋ ಕಂಪನಿಯವರಿಗೇ ಚೆನ್ನಾಗಿ ಗೊತ್ತು, ಹಳೇದು ಇವತ್ತಿಗೆ ನಡೆಯಲ್ಲ ಅಂತ. ಹಳೇ ಬ್ರೇಕ್ ಹಾಕಲ್ಲ. ಹಳೇ ಹೊಗೆ ಬಿಡಲ್ಲ. ಟ್ಯಾಂಕಿನ ಆಕಾರ ಅಷ್ಟೇ ಹಳೇದು, ಜೀವ ಕಾಯೋ ಪಾರ್ಟ್‌ಗಳೆಲ್ಲ ಹೊಸದು. ಈ ವಿಷಯದಲ್ಲಿ ಅವರು ನಮ್ಮ ಸಂಸ್ಕೃತಿ ರಕ್ಷಕರಿಗಿಂತ ಎಷ್ಟೋ ಪ್ರಾಮಾಣಿಕರು. ಇವರು ಸಮಾಜಕ್ಕೆ ರೆಟ್ರೋ ಮಾಡೋಕೆ ಹೊರಟರೆ ಉಲ್ಟಾ. ಹೊರಗೆ ಆಪ್, ಒಳಗೆ ಹಳೇ ಎಂಜಿನ್. ಮ್ಯಾಟ್ರಿಮೋನಿ ಸೈಟಿನಲ್ಲಿ ಜಾತಿ, ಉಪಜಾತಿ, ಗೋತ್ರ ಕೇಳೋ ಕಾಲಂ ನೋಡಿ.

ಈಗ ಆ 1962ಕ್ಕೆ ಬರ್ತೀನಿ. ‘ಸ್ವತಂತ್ರವಾಗಿ ಹುಟ್ಟಿದ್ದು’ ಅನ್ನೋ ಇಸವಿಯಲ್ಲಿ ನಮ್ಮ ರಾಜ್ಯದಲ್ಲಿ ಏನು ಹುಟ್ಟಿತು? ಅವತ್ತಿನ ಮೈಸೂರು ಸರ್ಕಾರ ಜುಲೈ 1962ರಲ್ಲಿ ಎಂಜಿನಿಯರಿಂಗ್, ಮೆಡಿಕಲ್ ಸೀಟುಗಳಿಗೆ ಮೀಸಲಾತಿ ಆದೇಶ ಮಾಡಿತು. ಹಿಂದುಳಿದವರಿಗೆ ಶೇ. 28, ಇನ್ನೂ ಹಿಂದುಳಿದವರಿಗೆ ಶೇ. 22, ಪರಿಶಿಷ್ಟ ಜಾತಿಗೆ ಶೇ. 15, ಪಂಗಡಕ್ಕೆ ಶೇ. 3. ಒಟ್ಟು ಶೇ. 68. ಎರಡು ತಿಂಗಳು ತುಂಬೋದರೊಳಗೆ, ಸೆಪ್ಟೆಂಬರಿನಲ್ಲಿ, ಬಾಲಾಜಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಅದನ್ನ ಹೊಡೆದು ಹಾಕಿತು. ಸಾಮಾನ್ಯವಾಗಿ ಮೀಸಲಾತಿ ಶೇ. 50ಕ್ಕಿಂತ ಕಡಿಮೆ ಇರಬೇಕು ಅನ್ನೋ ಮಾತು ಹುಟ್ಟಿದ್ದೇ ಆ ತೀರ್ಪಿನಲ್ಲಿ. ಇವತ್ತಿಗೂ ನಮ್ಮ ಪ್ರತಿ ಹೋರಾಟದ ಕುತ್ತಿಗೆಗೆ ಬಿದ್ದಿರೋ ಹಗ್ಗ ಅದು. ಬೊಲೋನ್ಯಾದಲ್ಲಿ ಒಂದು ಬೈಕ್ ಸ್ವತಂತ್ರವಾಗಿ ಹುಟ್ಟಿದ ವರ್ಷ ನಮಗೆ ಹುಟ್ಟಿದ್ದು ಒಂದು ಮಿತಿ.

ಇಷ್ಟೇ ಆಗಿದ್ರೆ ಕಾನೂನಿನ ಮಾತು ಅಂತ ಬಿಡಬಹುದಿತ್ತು. ಹುಡುಗ ಫೋಟೋ ತೆಗೆದ ಆ ಮನೆಯ ಹಿಂಬದಿಗೆ ಹೋಗಿ ನೋಡಿ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆ, ಮೂರೂ ಲೆಕ್ಕ ಹಾಕಿ, ಗೆರೆ ಎಳೆದು, ಪ್ಲಾನ್ ಮಾಡಿ ಕಟ್ಟಿದ ಬಡಾವಣೆಗಳು. ಚಾಮರಾಜಪೇಟೆ 1892ರದ್ದು. 1898ರ ಪ್ಲೇಗ್ ಬಂದು ಪೇಟೆ ಜನ ದಿಕ್ಕಾಪಾಲಾದ ಮೇಲೆ ಗಾಳಿ ಬೆಳಕು ಇರೋ ಊರು ಬೇಕು ಅಂತ ಇನ್ನೆರಡು ಬೆಳೆದವು. ಆ ಪ್ಲಾನಿನಲ್ಲಿ ಮನೆ ಮುಂದೆ ಅಗಲ ರಸ್ತೆ, ಸಾಲು ಮರ. ಹಿಂದೆ ಒಂದು ಇಕ್ಕಟ್ಟಿನ ಗಲ್ಲಿ. ಕನ್ಸರ್ವೆನ್ಸಿ ಲೇನ್ ಅಂತ ಹೆಸರು. ಅದು ಯಾರಿಗೆ ಮಾಡಿದ್ದು? ಮುಂಬಾಗಿಲಿನಿಂದ ಬರಬಾರದವರಿಗೆ. ಮನೆಯವರ ಕಣ್ಣಿಗೆ ಬೀಳದ ಹಾಗೆ ಹಿಂದಿನಿಂದ ಬಂದು, ಪಾಯಿಖಾನೆ ಬಳಿದು, ತುಂಬಿಕೊಂಡು, ಹಾಗೇ ಹಿಂದಿನಿಂದ ಹೋಗಬೇಕಿದ್ದವರಿಗೆ. ಜಾತಿ ಅನ್ನೋದು ಇಲ್ಲಿ ಬರೀ ಮನಸ್ಸಿನಲ್ಲಿರಲಿಲ್ಲ, ನಕ್ಷೆಯಲ್ಲಿತ್ತು, ಅಡಿ ಲೆಕ್ಕದಲ್ಲಿತ್ತು.

ನಮ್ಮಜ್ಜಿ ಗಾಂಧಿ ಬಜಾರಿನ ಹೂವಿನ ಸಾಲು ನೋಡಿದ್ದು ವಯಸ್ಸಾದ ಮೇಲೆ. ಅವರಿಗೆ ಬಸವನಗುಡಿ ಅಂದ್ರೆ ಈ ಗಲ್ಲಿಗಳೇ. ಯಾವ ಗಲ್ಲಿ ಎಲ್ಲಿ ತಿರುಗಿ ಎಲ್ಲಿ ಸೇರುತ್ತೆ ಅಂತ ಕಣ್ಣು ಮುಚ್ಚಿಕೊಂಡು ಹೇಳ್ತಿದ್ದರು. ಮುಂದಿನ ರಸ್ತೆಗಳ ಹೆಸರು ಕೇಳಿದರೆ ಗೊತ್ತಿರಲಿಲ್ಲ.

1962ರಲ್ಲಿ ಈ ರಾಜ್ಯದಲ್ಲಿ ಮಲವನ್ನ ತಲೆ ಮೇಲೆ ಹೊರೋದು ನಡೀತಾನೇ ಇತ್ತು. ಅದನ್ನ ನಿಲ್ಲಿಸೋಕೆ 70ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿ ಬರಬೇಕಾಯ್ತು. ಅಂಥ ಕೆಲಸ ಮಾಡಿದ ಮನುಷ್ಯನನ್ನ 1973ರ ಬೂಸಾ ಗಲಾಟೆಯಲ್ಲಿ ಹೇಗೆ ನಡೆಸಿಕೊಂಡರು ಅಂತ ನಿಮಗೆ ನಾನು ಹೇಳಬೇಕಿಲ್ಲ. ಈಗ ಅವೇ ಗಲ್ಲಿಗಳಲ್ಲಿ ಬೈಕ್ ನಿಲ್ಲಿಸ್ತಾರೆ, ಕಸ ಸುರೀತಾರೆ. ಮುಂದೆ ‘ಹಳೇ ಬೆಂಗಳೂರಿನ ಸೊಗಡು’ ಅಂತ ನಡಿಗೆ ಕಾರ್ಯಕ್ರಮ, ಫಿಲ್ಟರ್ ಕಾಫಿ, ಹೆಂಚಿನ ಮನೆ ಫೋಟೋ. ಹಿಂದಿನ ಗಲ್ಲಿಗೆ ಯಾರೂ ನಡಿಗೆ ಕಾರ್ಯಕ್ರಮ ಮಾಡಿದ್ದು ನಾನಂತೂ ನೋಡಿಲ್ಲ.

ಹಾಗಾಗಿ ನಮ್ಮವರೇ “ಆ ಕಾಲವೇ ಚೆನ್ನಾಗಿತ್ತು” ಅಂದಾಗ ನನಗೆ ಸಿಟ್ಟಿಗಿಂತ ಭಯ ಜಾಸ್ತಿ ಆಗುತ್ತೆ. ಯಾವ ಕಾಲ ಅಣ್ಣಾ? ಟಾಂಗಾ ಕಾಲವೇ? ಮೈಸೂರಿನಲ್ಲಿ ಈಗಲೂ ಟಾಂಗಾ ಅಂದ್ರೆ ಜನ ಕರಗಿ ಹೋಗ್ತಾರೆ. 1929ರಲ್ಲಿ ಬಾಬಾಸಾಹೇಬರು ಅಸ್ಪೃಶ್ಯರ ಕುಂದುಕೊರತೆ ವಿಚಾರಿಸೋ ಸರ್ಕಾರಿ ಸಮಿತಿಯ ಸದಸ್ಯರಾಗಿ ಹೋದವರು ಚಾಳೀಸಗಾಂವ್ ಸ್ಟೇಷನ್ನಿನಲ್ಲಿ ಇಳಿದರು. ಬ್ಯಾರಿಸ್ಟರ್ ಬೇರೆ. ಟಾಂಗಾದವರು ಯಾರೂ ಅವರನ್ನ ಕೂರಿಸಿಕೊಂಡು ಓಡಿಸೋಕೆ ಒಪ್ಪಲಿಲ್ಲ. ಕೊನೆಗೆ ಗಾಡಿ ಬಾಡಿಗೆಗೆ ಕೊಟ್ಟರು, ಓಡಿಸೋಕೆ ಬರಲ್ಲ ಅಂದರು. ಓಡಿಸಿ ಅಭ್ಯಾಸವೇ ಇಲ್ಲದ ನಮ್ಮವನೊಬ್ಬ ಲಗಾಮು ಹಿಡಿದ. ಮೋರಿ ಹತ್ತಿರ ಗಾಡಿ ಬಡಿದು ಬಾಬಾಸಾಹೇಬರು ಕಲ್ಲಿನ ಮೇಲೆ ಬಿದ್ದು ಕಾಲು ಮುರಿದುಕೊಂಡರು. ಅದಕ್ಕೂ ಮುಂಚೆ, 1901ರಲ್ಲಿ, ಮಸೂರ್ ಸ್ಟೇಷನ್ನಿನಲ್ಲಿ ಎತ್ತಿನಗಾಡಿಯವನು ಬಾಡಿಗೆ ಎರಡರಷ್ಟು ಇಸ್ಕೊಂಡು, ಮಕ್ಕಳ ಕೈಲೇ ಗಾಡಿ ಹೊಡೆಸಿ, ತಾನು ಪಕ್ಕದಲ್ಲಿ ನಡೆದುಬಂದ. ಇದೆಲ್ಲ ಅವರೇ ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಬರೆದಿದ್ದಾರೆ. ಎರಡು ಸಲವೂ ಕಾಸಿತ್ತು, ಗಾಡಿ ಇತ್ತು. ಓಡಿಸೋರು ಪಕ್ಕ ಕೂರೋಕೆ ಒಪ್ಪಲಿಲ್ಲ, ಅಷ್ಟೇ.

ಅದಕ್ಕೇ ನಾನು ಮೊದಲನೇ ಗುಂಪಿನ ಮಾತನ್ನೂ ಒಪ್ಪಲ್ಲ. ಗಾಡಿ ನಮ್ಮ ಜನಕ್ಕೆ ಯಾವತ್ತೂ ಬರೀ ಶೋಕಿ ಆಗಿರಲಿಲ್ಲ. ಸ್ವಂತ ಚಕ್ರ ಇದ್ರೆ ಯಾರ ಒಪ್ಪಿಗೆಯೂ ಬೇಕಿಲ್ಲ. ಆ ಕಡೆಯವರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು. ಜುಲೈ 2020ರಲ್ಲಿ ವಿಜಯಪುರ ಜಿಲ್ಲೆ ತಾಳಿಕೋಟೆ ಹತ್ತಿರದ ಮಿಣಜಗಿಯಲ್ಲಿ ಮೇಲ್ಜಾತಿಯವನ ಬೈಕ್ ಮುಟ್ಟಿದ ಅಂತ ಒಬ್ಬ ದಲಿತನ ಬಟ್ಟೆ ಬಿಚ್ಚಿ ಹೊಡೆದರು ಅಂತ ಹದಿಮೂರು ಜನದ ಮೇಲೆ ಕೇಸಾಯ್ತು. ಓಡಿಸಿದ್ದಕ್ಕಲ್ಲ, ಮುಟ್ಟಿದ್ದಕ್ಕೆ! ಫೆಬ್ರವರಿ 2025ರಲ್ಲಿ ತಮಿಳುನಾಡಿನ ಶಿವಗಂಗಾ ಜಿಲ್ಲೆಯಲ್ಲಿ ಕಾಲೇಜು ಹುಡುಗನೊಬ್ಬನ ಕೈಗೆ ಕತ್ತಿಯಿಂದ ಹೊಡೆದರು. ಬುಲೆಟ್ ಓಡಿಸ್ತಾನೆ ಅನ್ನೋದೇ ಅವರ ಹೊಟ್ಟೆಉರಿ ಅಂತ ಅವನ ಮನೆಯವರು ದೂರು ಕೊಟ್ಟರು. ಹೊಡೆಯೋನಿಗೆ ಅದರ ಸಿಸಿ ಎಷ್ಟು, ಬ್ರೇಕ್ ಯಾವುದು ಅನ್ನೋದು ಬೇಕಿರಲಿಲ್ಲ, ಸೀಟಿನ ಮೇಲೆ ಕೂತಿರೋನು ಯಾರು ಅನ್ನೋದಷ್ಟೇ ಬೇಕಿತ್ತು.

ಬಾಬಾಸಾಹೇಬರ ಹೆಸರು ಹೇಳಿ ಹುಡುಗರ ಬಾಯಿ ಮುಚ್ಚಿಸೋ ಹಿರಿಯರಿಗೆ ಒಂದು ಮಾತು. ಅವರು ಕೊಂಡಿದ್ದು ಪುಸ್ತಕ ಮಾತ್ರ ಅಲ್ಲ. ಆ ಸೂಟು, ಟೈ, ಒಳ್ಳೇ ಪೆನ್ನುಗಳು ನೋಡಿದ್ದೀರಲ್ಲ? ಚಿಂದಿ ಉಟ್ಕೊಂಡು, ತಲೆ ತಗ್ಗಿಸಿ ಇರಿ ಅಂತ ಸಾವಿರ ವರ್ಷ ಹೇಳಿದವರಿಗೆ ಅದೇ ಉತ್ತರ ಆಗಿತ್ತು. ನಮ್ಮ ಹುಡುಗ ಸ್ವಂತ ಸಂಬಳದಲ್ಲಿ, ಯಾರನ್ನೂ ಏಮಾರಿಸದೆ ಒಂದು ಗಾಡಿ ತಗೊಂಡರೆ ಅದಕ್ಕೆ ಚಳವಳಿಯಿಂದ ನಿರಾಕ್ಷೇಪಣಾ ಪತ್ರ ಬೇಕಾ? ಬೇರೆ ಜಾತಿ ಹುಡುಗ ಇದೇ ಗಾಡಿ ತಗೊಂಡಿದ್ರೆ ‘ಪ್ಯಾಶನ್’ ಅಂತಿದ್ದರು. ನಮ್ಮವನು ತಗೊಂಡ್ರೆ ‘ದುಂದು’.

ಹಾಗಂತ ನಾನು ತಗೋತೀನಾ? ಇಲ್ಲ. ನನ್ನ ಸಂಬಳಕ್ಕೆ ಅದರ ಸರ್ವೀಸೇ ಭಾರ. ಆ ಹುಡುಗನಿಗೂ ಇದನ್ನೇ ಹೇಳಿದೆ, ಸಾಲ ಎಷ್ಟು ಉಳಿದಿದೆ, ಟೈಮಿಂಗ್ ಬೆಲ್ಟ್ ಬದಲಾಯಿಸೋ ಖರ್ಚು ಎಷ್ಟು, ಮುಂದಿನ ಡೆಸ್ಮೋ ಸರ್ವೀಸ್ ಯಾವಾಗ, ಎಲ್ಲ ಒಂದು ಹಾಳೆ ಮೇಲೆ ಬರಿ ಅಂತ. ಬರೆದ. ಮುಖ ಸ್ವಲ್ಪ ಸಣ್ಣದಾಯ್ತು, ಆದ್ರೆ ಕಟ್ತೀನಿ ಅಕ್ಕಾ ಅಂದ. ಕಟ್ಲಿ.

ಸೀಟಿನ ಮಾತು ಬಾಕಿ ಇದೆ. ಅವನಿಗೆ ಕಂಪನಿ ಸೀಟು ತೆಗೆದು ಕಂದು ಬಣ್ಣದ, ಡೈಮಂಡ್ ಹೊಲಿಗೆಯ, ಚರ್ಮದ ಸೀಟು ಹಾಕಿಸೋ ಆಸೆ. ಇದು ರೆಟ್ರೋ ಬೈಕ್ ಪ್ರಪಂಚದ ದೊಡ್ಡ ಹುಚ್ಚು. ಚರ್ಮದ ಸೀಟು, ಚರ್ಮದ ಜಾಕೆಟ್, ಚರ್ಮದ ಚೀಲ. ಎಲ್ಲದಕ್ಕೂ ‘ಕೈಯಿಂದ ಮಾಡಿದ್ದು’ ಅನ್ನೋ ಹೆಮ್ಮೆ. ಕೇಳಿ ನಗು ಬಂತು. ನಾವು ಮಾದಿಗರು. ಚರ್ಮ ಹದ ಮಾಡೋದು, ಕೊಯ್ಯೋದು, ಹೊಲಿಯೋದು ನಮ್ಮ ಕೈ ಕೆಲಸ. ಹನ್ನೆರಡನೇ ಶತಮಾನದಲ್ಲಿ ಹರಳಯ್ಯನವರ ಕೈಯೂ ಇದೇ ಕೈ. ಇಟಲಿಯವನು ಚರ್ಮ ಮುಟ್ಟಿದರೆ ಕುಶಲಕರ್ಮಿ, ಬೆಲೆ ನಾಲ್ಕು ಪಟ್ಟು. ನಮ್ಮವನು ಮುಟ್ಟಿದರೆ ಮೈಲಿಗೆ, ಬೆಲೆಗೆ ಚೌಕಾಸಿ. ನಮ್ಮದೇ ಸರ್ಕಾರದ ಲಿಡ್‌ಕರ್ 1976ರಿಂದ ಇದೆ. ರೆಟ್ರೋ ಹುಡುಗರಲ್ಲಿ ಎಷ್ಟು ಜನ ಅದರ ಅಂಗಡಿ ಮೆಟ್ಟಿಲು ಹತ್ತಿದ್ದಾರೋ ಕೇಳಿ ನೋಡಿ.

ಅಪ್ಪ ಹೊಲೀತಿದ್ದಿದ್ದು ಚರ್ಮ ಅಲ್ಲ, ರೆಕ್ಸಿನ್. ಮಳೆ ಬಿಸಿಲಿಗೆ ಬೈಕಿಗೆ ಅದೇ ಸರಿ ಅನ್ನೋರು. ಡೈಮಂಡ್ ಹೊಲಿಗೆ ನೋಡೋಕೆ ಚೆಂದ, ಆದ್ರೆ ಪ್ರತಿ ಹೊಲಿಗೆಯೂ ಒಂದು ತೂತು, ಬೆಂಗಳೂರು ಮಳೆಗೆ ಫೋಮ್ ನೀರು ಕುಡಿಯುತ್ತೆ, ಒಂದು ವರ್ಷಕ್ಕೆ ಸೀಟು ವಾಸನೆ ಹೊಡೆಯುತ್ತೆ ಅಂತ ಗಿರಾಕಿಗೆ ಮುಖಕ್ಕೇ ಹೇಳೋರು. ಹಿಂದೆ ಕೂರೋರಿಗೆ ಒಂದಿಂಚು ಫೋಮ್ ಜಾಸ್ತಿ ಹಾಕೋದು ಅವರ ರೂಢಿ. “ಮುಂದೆ ಕೂತೋನು ದಾರಿ ನೋಡ್ಕೊಂಡು ಹಳ್ಳಕ್ಕೆ ತಯಾರಾಗಿರ್ತಾನೆ, ಹಿಂದೆ ಕೂತೋಳಿಗೆ ಗೊತ್ತೇ ಆಗಲ್ಲ” ಅನ್ನೋರು. ಯಾವ ಕ್ಯಾಟಲಾಗಿನ ಸ್ಪೆಸಿಫಿಕೇಶನ್ ಪಟ್ಟಿಯಲ್ಲೂ ಈ ಅಳತೆ ಇರಲ್ಲ.

ಹಿಂದೆ ಕೂರೋರ ವಿಷಯಕ್ಕೆ ಬಂದ್ರೆ, ಈ ಸ್ಕ್ರ್ಯಾಂಬ್ಲರ್ ಮೇಲೆ ನನ್ನ ನಿಜವಾದ ತಕರಾರು ಇರೋದು ಅಲ್ಲೇ. ನಮ್ಮ ದೇಶದ ಕೇಂದ್ರ ಮೋಟಾರು ವಾಹನ ನಿಯಮ 123ರ ಪ್ರಕಾರ ಹಿಂದೆ ಕೂರೋರಿಗೆ ಹಿಡಿಕೆ ಇರಬೇಕು, ಕಾಲಿಡೋಕೆ ಜಾಗ ಇರಬೇಕು, ಬಟ್ಟೆ ಚಕ್ರಕ್ಕೆ ಸಿಕ್ಕಿಹಾಕಿಕೊಳ್ಳದ ಹಾಗೆ ಹಿಂದಿನ ಚಕ್ರದ ಅರ್ಧದಷ್ಟಾದರೂ ಮುಚ್ಚೋ ರಕ್ಷಣೆ ಇರಬೇಕು. ಸೀರೆ ಗಾರ್ಡ್ ಅಂತೀವಲ್ಲ, ಅದು. ರೆಟ್ರೋ ಬೈಕ್ ಮಾಲೀಕರು ಗಾಡಿ ಮನೆಗೆ ಬಂದ ವಾರದಲ್ಲೇ ಮೊದಲು ಬಿಚ್ಚೋದು ಇದನ್ನೇ. ‘ಲುಕ್’ ಹಾಳಾಗುತ್ತಂತೆ. ಗಾಡಿಯ ಚಂದಕ್ಕೆ ಅಡ್ಡ ಬರೋದು ಹೆಂಗಸಿನ ಸೆರಗು! ಎಪ್ಪತ್ತೈದು ಅಶ್ವಶಕ್ತಿಯ ಸ್ವಾತಂತ್ರ್ಯದಲ್ಲಿ ಹಿಂದೆ ಕೂತ ಅಮ್ಮನಿಗೋ, ಹೆಂಡತಿಗೋ, ತಂಗಿಗೋ ಕೈ ಹಿಡಿಯೋಕೆ ಒಂದು ಕಂಬಿ ಇಲ್ಲ ಅಂದ್ರೆ ಆ ಸ್ವಾತಂತ್ರ್ಯ ಒಬ್ಬರದ್ದೇ. ಇದೇ ಇಟಲಿಯಲ್ಲಿ 1946ರಲ್ಲಿ ವೆಸ್ಪಾ ಸ್ಕೂಟರ್ ಮಾಡಿದ ಕೊರಾದಿನೋ ದಸ್ಕಾನಿಯೋಗೆ ಮೋಟಾರ್‌ಸೈಕಲ್ ಕಂಡರೆ ಆಗ್ತಿರಲಿಲ್ಲ. ವಿಮಾನದ ಎಂಜಿನಿಯರ್ ಅವನು. ಬಟ್ಟೆಗೆ ಕೆಸರು, ಗ್ರೀಸ್ ಹತ್ತಬಾರದು, ಸ್ಕರ್ಟ್ ಹಾಕಿದವರೂ ಸಲೀಸಾಗಿ ಹತ್ತಿ ಕೂರಬೇಕು ಅಂತ ಎಂಜಿನ್ ಮುಚ್ಚಿ, ಕಾಲಿನ ಮುಂದೆ ತಗಡು ಕೊಟ್ಟ. ನನ್ನ ಗೇರಿಲ್ಲದ ಸ್ಕೂಟರ್ ಅದೇ ವಂಶದ್ದು. ಹಳೇದರಿಂದ ಏನಾದ್ರೂ ತರೋದೇ ಆದ್ರೆ ಇಂಥ ಯೋಚನೆ ತನ್ನಿ, ಬೇಡ ಅಂದವರು ಯಾರು?

ಈಗ ರ‍್ಯಾಲಿ. ಬೈಕ್ ರ‍್ಯಾಲಿ ಮಾಡಿ, ನನ್ನ ಒಪ್ಪಿಗೆ ಇದೆ. ಟೌನ್ ಹಾಲಿನ ಮುಂದೆ ನೀಲಿ ಬಾವುಟ ಕಟ್ಟಿದ ನೂರು ಗಾಡಿ ಒಟ್ಟಿಗೆ ಸ್ಟಾರ್ಟ್ ಆಗೋ ಸದ್ದು ನನಗೂ ಇಷ್ಟ. ಆ ಹಳದಿ ಸ್ಕ್ರ್ಯಾಂಬ್ಲರ್ ಮುಂದೆ ಇರಲಿ, ಅದರ ಪಕ್ಕದಲ್ಲೇ ಪೌರಕಾರ್ಮಿಕ ಅಕ್ಕಂದಿರ ಸ್ಕೂಟಿಗಳೂ ಇರಲಿ. ದಾರಿ ಮಾತ್ರ ಬದಲಾಯಿಸೋಣ ಅಂತ ನನ್ನ ಸಲಹೆ. ಪ್ರತಿ ವರ್ಷ ದೊಡ್ಡ ರಸ್ತೆಯಲ್ಲೇ ಹೋಗ್ತೀವಿ. ಈ ಸಲ ಚಾಮರಾಜಪೇಟೆ ದಾಟಿ ಬಸವನಗುಡಿಗೆ ಬಂದಾಗ ಒಂದು ಹಿಂಬದಿ ಗಲ್ಲಿಯ ಬಾಯಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಐದು ನಿಮಿಷ ಆ ಗಲ್ಲಿ ಯಾಕೆ ಇತ್ತು ಅಂತ ಹುಡುಗರಿಗೆ ಹೇಳೋಣ. ನಡೆದು ಬರೋ ಹಿರಿಯರು ಅಲ್ಲಿಗೇ ಬಂದು ಸೇರಲಿ. ಅಷ್ಟೊತ್ತಿಗೆ ನಮ್ಮಜ್ಜಿ ಹೇಳಿದ್ದ ತಿರುವುಗಳಲ್ಲಿ ಯಾವುದು ಈಗಲೂ ಉಳಿದಿದೆ ಅಂತ ನಾನು ಓಡಾಡಿ ನೋಡಿಟ್ಟಿರ್ತೀನಿ.

ಬರೋ ಭಾನುವಾರ ಸಂಜೆ ಸಭೆ ಇದೆ, ಪೊಲೀಸ್ ಅನುಮತಿ ಅರ್ಜಿಗೆ ಗಾಡಿ ನಂಬರ್, ಡಿ.ಎಲ್. ಪ್ರತಿ ತನ್ನಿ. ಹಿಂದೆ ಕೂರೋರಿಗೂ ಹೆಲ್ಮೆಟ್ ಕಡ್ಡಾಯ. ಸೀರೆ ಗಾರ್ಡ್ ಬಿಚ್ಚಿಟ್ಟಿರೋರು ಅಷ್ಟರೊಳಗೆ ಹಾಕಿಸ್ಕೊಂಡು ಬನ್ನಿ, ಜೆ.ಸಿ. ರೋಡಿನಲ್ಲಿ ಎಲ್ಲಾ ಗಾಡಿಗೂ ಮಾಡಿಕೊಡ್ತಾರೆ.